ಬೀಗ ಮಾತ್ರ ಭದ್ರವಾಗಿತ್ತು

ನಮ್ಮ ಬಡಾವಣೆಗೆ ರವೀಂದ್ರನಾಥ ಟಾಗೋರರ ಹೆಸರಿಟ್ಟವರು, ಇಲ್ಲಿಯ ಜನ ಬೆಳಗಿನ ಬಿಸಿಲಿನಲ್ಲಿ ಕುಳಿತು ಕವಿತೆ ಓದುವರೆಂದು ಎಣಿಸಿದ್ದರೋ ಏನೋ. ಕಾಲಕ್ರಮದಲ್ಲಿ ಕವಿಯ ಹೆಸರು ಆರ್.ಟಿ. ನಗರವೆಂದು ಮೊಟಕಾಯಿತು, ಕವಿತೆಯೂ ಹೋಯಿತು. ಬಿಸಿಲನ್ನಾದರೂ ಉಳಿಸಿಕೊಳ್ಳೋಣವೆಂದು, ಕೆಲಸದಿಂದ ನಿವೃತ್ತನಾದ ಮೇಲೆ ನಾನು ಮನೆಯ ಮುಂಗಟ್ಟಿನಲ್ಲಿ ಒಂದು ಬೆತ್ತದ ಕುರ್ಚಿ ಹಾಕಿಕೊಂಡೆ. ಮನೆ ಕಟ್ಟಿದಾಗ ಅದು ಕಾರಿಗೆಂದು ಬಿಟ್ಟ ಜಾಗ. ಕಾರು ಬರಲೇ ಇಲ್ಲ. ನನ್ನ ಕುರ್ಚಿ, ನನ್ನಾಕೆಯ ಹದಿನಾಲ್ಕು ಹೂಕುಂಡಗಳು, ಕಾಫಿ, ವೃತ್ತಪತ್ರಿಕೆ, ಇವೇ ಅಲ್ಲಿ ನೆಲೆಸಿದುವು.

ಈ ಸಾಮ್ರಾಜ್ಯಕ್ಕೆ ಗ್ರಹಣ ಹಿಡಿದದ್ದು ನನ್ನ ತಂಗಿಯ ಮಗನ ಗಾಡಿಯಿಂದ. ಹುಡುಗ ನಮ್ಮ ಮಹಡಿಯ ಕೋಣೆಯಲ್ಲಿದ್ದಾನೆ. ಮದುವೆ, ಆರತಕ್ಷತೆ, ಗಣೇಶೋತ್ಸವ, ರಾಜ್ಯೋತ್ಸವಗಳಿಗೆ ಮೈಕು, ಸ್ಪೀಕರು ಒದಗಿಸುವುದು ಅವನ ವೃತ್ತಿ. ಜನ ‘ಚೋಟಾ ಹಾಥಿ’ ಎನ್ನುವ ಟಾಟಾ ಏಸ್ ಗಾಡಿಯೊಂದನ್ನು ಕೊಂಡು, ಅದರ ಬೆನ್ನಿನ ಮೇಲೆ ತಗಡಿನ ಮುಚ್ಚುಪೆಟ್ಟಿಗೆ ಕಟ್ಟಿಸಿ, ಎರಡು ಮಗ್ಗುಲಿಗೂ ‘ಧ್ವನಿ–ಬೆಳಕು’ ಎಂದು ಕೆಂಪು ಅಕ್ಷರಗಳಲ್ಲಿ ಬರೆಸಿದ್ದ. ಒಳಗಿನ ಆಂಪ್ಲಿಫೈಯರುಗಳು, ಮಿಕ್ಸರು, ಮೈಕುಗಳೆಲ್ಲ ಎಸ್.ಪಿ. ರಸ್ತೆಯಲ್ಲಿ ಒಂದೊಂದಾಗಿ ಕೊಂಡವು. ಅದಕ್ಕಾಗಿ ನನ್ನ ತಂಗಿ ತನ್ನ ನಾಲ್ಕು ಬಳೆಗಳನ್ನು ಅಡವಿಟ್ಟಿದ್ದಳೆಂಬುದು ನನಗೂ ಗೊತ್ತಿತ್ತು.

ಗಾಡಿ ನಮ್ಮ ಗೇಟಿನ ಮುಂದೆ ನಿಲ್ಲುತ್ತಿತ್ತು. ಬೆಳಿಗ್ಗೆ ಆರೂವರೆಗೆ ಬರುವ ಬಿಸಿಲು ಎಂಟರವರೆಗೂ ‘ಧ್ವನಿ–ಬೆಳಕಿ’ನ ಹಿಂದೆ ಅಡಗಿರುತ್ತಿತ್ತು. ಹೆಸರಿನಲ್ಲಿ ಬೆಳಕಿದ್ದರೆ ಆಯಿತೆ? ಒಂದು ವಾರ ಸಹಿಸಿದೆ. ಎಂಟನೆಯ ದಿನ, “ಅಪ್ಪಾ, ಆ ಪಾರ್ಕಿನ ಗೋಡೆಯ ಪಕ್ಕದಲ್ಲಿ ಬೇಕಾದಷ್ಟು ಜಾಗವಿದೆಯಲ್ಲ” ಎಂದೆ.

“ಅಲ್ಲಿ ಕಣ್ಣಿಗೆ ಬೀಳೋದಿಲ್ಲ ಮಾವ” ಎಂದು ತಲೆ ಕೆರೆದುಕೊಂಡ. ಅಷ್ಟೆ. ಅಂದು ರಾತ್ರಿಯಿಂದಲೇ ಗಾಡಿ ಪಾರ್ಕಿನ ತಿರುವಿಗೆ ಹೋಯಿತು. ನಾನೇನು ಹೃದಯಹೀನನಲ್ಲ. ನಮ್ಮ ತಂದೆಯವರ ಕಾಲದ ಅಲೀಗಢದ ಹಿತ್ತಾಳೆ ಬೀಗವೊಂದು ಅಟ್ಟದ ಮೇಲಿತ್ತು; ಅಂಗೈಯಗಲ, ತೂಕದಲ್ಲಿ ಒಂದು ಕೂಸು. ಅದಕ್ಕೆ ಎಣ್ಣೆ ಬಿಟ್ಟು, ಅವನ ಕೈಗಿಟ್ಟು, “ಆನೆ ಬಂದರೂ ಇದನ್ನು ಮುರಿಯಲಾರದು” ಎಂದು ಅಭಯವನ್ನಿತ್ತೆ.

ಸಾಮಾನನ್ನು ಪ್ರತಿ ರಾತ್ರಿಯೂ ಇಳಿಸಿಕೊಳ್ಳಬಾರದಾಗಿತ್ತೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಬೇಕು. ನಿಂತ ಮೇಲೆ ತಂತಿ ಸುತ್ತಿ, ಸ್ಪೀಕರು ಕಳಚಿ, ಅರಮನೆ ಮೈದಾನದ ಕಡೆಯಿಂದ ಮೇಖ್ರಿ ವೃತ್ತ ಹಾಯ್ದು ಮನೆ ಸೇರುವಾಗ ಒಂದು ಗಂಟೆ. ಮತ್ತೆ ಬೆಳಗಿನ ಐದಕ್ಕೆ ಇನ್ನೊಂದು ಮದುವೆ. ಇಬ್ಬರು ಹಿಡಿದರೂ ಏದುಸಿರು ತರಿಸುವ ಸ್ಪೀಕರುಗಳನ್ನು ಇಪ್ಪತ್ತೆರಡು ಮೆಟ್ಟಿಲು ಹತ್ತಿಸುವವರು ಯಾರು?

2024ರ ಗಣೇಶನ ಹಬ್ಬದ ವಾರ. ಒಂದು ಬೆಳಿಗ್ಗೆ, ಹಾಲು ತರಲು ಹೋದ ನನ್ನಾಕೆ ಬರಿಗೈಲಿ ಓಡುತ್ತ ಹಿಂದಿರುಗಿದಳು. ನಾವು ಹೋಗಿ ನೋಡುವಾಗ ನಮ್ಮ ತಂದೆಯವರ ಬೀಗ ಹೇಗಿತ್ತೋ ಹಾಗೆಯೇ, ಗೀರೊಂದೂ ಇಲ್ಲದೆ, ಚಿಲಕಕ್ಕೆ ತೂಗುತ್ತಿತ್ತು. ಕಳ್ಳರು ಅದನ್ನು ಮುಟ್ಟಿಯೇ ಇರಲಿಲ್ಲ. ಬಾಗಿಲಿನ ಇನ್ನೊಂದು ಅಂಚಿನಲ್ಲಿ, ಹೊರಗಡೆಗೇ ಕಾಣುವಂತಿದ್ದ ಕೀಲುಗಳ ಸರಳನ್ನು ಕೆಳಗಿನಿಂದ ತಟ್ಟಿ ತೆಗೆದು, ಕದವನ್ನೇ ಕಳಚಿ ಓರೆಮಾಡಿದ್ದರು. ಕೀಲಿ ನಮ್ಮ ಜೇಬಿನಲ್ಲಿತ್ತು, ಕೀಲು ಅವರ ಕೈಯಲ್ಲಿತ್ತು! ಆಂಪ್ಲಿಫೈಯರುಗಳೆರಡು, ಮಿಕ್ಸರು, ಮೈಕುಗಳ ಚೀಲ, ಗಾಡಿಯ ಬ್ಯಾಟರಿ ಎಲ್ಲವೂ ಹೋಗಿದ್ದುವು. ಭಾರದ ಸ್ಪೀಕರುಗಳನ್ನು ಬಿಟ್ಟಿದ್ದರು, ಅವರಿಗೂ ಸೊಂಟವಿದೆಯಷ್ಟೆ.

ಹುಡುಗ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಬಹಳ ಹೊತ್ತಿನ ಮೇಲೆ, “ಅಮ್ಮನಿಗೆ ಮಾತ್ರ ಹೇಳಬೇಡಿ ಮಾವ” ಎಂದ.

ಪೊಲೀಸ್ ಠಾಣೆಗೆ ನಾನೇ ಜೊತೆಗೆ ಹೋದೆ. ಅದೇ ಜುಲೈ 1ರಿಂದ ಜಾರಿಗೆ ಬಂದಿದ್ದ ಭಾರತೀಯ ನ್ಯಾಯ ಸಂಹಿತೆಯ 305ನೆಯ ಕಲಮು, ಸರಕು ಸಾಗಿಸುವ ವಾಹನದೊಳಗಿಂದ ಕದ್ದವನಿಗೆ ಏಳು ವರ್ಷಗಳವರೆಗೆ ಸೆರೆ ವಿಧಿಸುತ್ತದೆಂದು ಅಲ್ಲಿ ತಿಳಿಯಿತು. ಅದು ಕಳ್ಳ ಸಿಕ್ಕ ಮೇಲಿನ ಮಾತು. ಮೊದಲು ಕೇಳಿದ್ದು, “ಸಾಮಾನಿನ ಮೇಲಿನ ನಂಬರುಗಳೇನು?” ಎಂದು. ಹುಡುಗ ನನ್ನ ಮುಖ ನೋಡಿದ. ಜೀವಮಾನವೆಲ್ಲ ಲೆಕ್ಕ ಬರೆದ ನಾನು, ಮನೆಯಲ್ಲೇ ಇದ್ದ ಹುಡುಗನಿಗೆ ಒಂದು ಪಟ್ಟಿ ಮಾಡಿಟ್ಟುಕೋ ಎಂದಿರಲಿಲ್ಲ. ಅಟ್ಟವೆಲ್ಲ ತಡಕಿದಾಗ ಒಂದು ಆಂಪ್ಲಿಫೈಯರಿನ ರಟ್ಟಿನ ಡಬ್ಬ ಸಿಕ್ಕಿತು. ಅದರ ಮೇಲೆ ನಂಬರಿತ್ತು. ವಿಮೆಯ ಕಾಗದ ಬಿಚ್ಚಿ ನೋಡಿದರೆ ಅದು ಗಾಡಿಗೆ ಮಾತ್ರ. ಒಳಗಿನ ಸರಕಿಗೆ ಬೇರೆಯೇ ವಿಮೆ ಮಾಡಿಸಬೇಕಂತೆ.

ಆ ಭಾನುವಾರ ಅಮೆರಿಕದಿಂದ ಮಗ ಫೋನು ಮಾಡಿದ. ಅಲ್ಲಿ ಬಡಗಿಗಳು, ತೋಟದ ಕೆಲಸದವರು, ಹಾಡುವ ತಂಡದವರು ತಮ್ಮ ಉಪಕರಣಗಳನ್ನೆಲ್ಲ ಎಂಜಿನ್ ಇಲ್ಲದ ಮುಚ್ಚಿದ ಟ್ರೈಲರಿನಲ್ಲಿ ತುಂಬಿ, ವಾಹನದ ಹಿಂದೆ ಕಟ್ಟಿ ಎಳೆದೊಯ್ಯುತ್ತಾರೆ. ಅಲ್ಲಿಯ ಕಳ್ಳನಿಗೆ ಕೀಲು ತಟ್ಟುವ ಶ್ರಮವೂ ಬೇಡ. ತನ್ನ ಗಾಡಿಗೆ ಟ್ರೈಲರಿನ ಕೊಂಡಿ ಸಿಕ್ಕಿಸಿಕೊಂಡು ಇಡೀ ಪೆಟ್ಟಿಗೆಯನ್ನೇ ಹೊಡೆದುಕೊಂಡು ಹೋಗುತ್ತಾನೆ. ಆದ್ದರಿಂದ ಕೊಂಡಿಗೊಂದು ಬೀಗ, ಚಕ್ರಕ್ಕೊಂದು ಕಬ್ಬಿಣದ ಹಿಡಿ ಹಾಕುತ್ತಾರಂತೆ. “ಎಲ್ಲಕ್ಕಿಂತ ಮೊದಲು, ಬಾಗಿಲನ್ನು ಗೋಡೆಗೆ ಒತ್ತಿ ನಿಲ್ಲಿಸುತ್ತಾರೆ ಅಪ್ಪ. ತೆರೆಯುವುದಕ್ಕೇ ಜಾಗವಿರಬಾರದು” ಎಂದ. ನಾನು ಸುಮ್ಮನೆ ಫೋನನ್ನು ಸೊಸೆಗೆ ಕೊಡು ಎಂದೆ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬಂತೆ ನಮ್ಮ ದುರಸ್ತಿ ಆರಂಭವಾಯಿತು. ವೆಲ್ಡಿಂಗ್ ಅಂಗಡಿಯವನು ಕೀಲಿನ ಸರಳುಗಳ ಎರಡು ತುದಿಗಳನ್ನೂ ಬೆಸೆದ. ಹೊರಗಿನಿಂದ ತಿರುಪಬಹುದಾಗಿದ್ದ ತಿರುಪುಗಳನ್ನು ಕಿತ್ತು, ಬೋಳುತಲೆಯ ಬೋಲ್ಟುಗಳನ್ನು ತೂರಿಸಿ ನಟ್ಟುಗಳನ್ನು ಒಳಗಡೆ ಬಿಗಿದ. ನಮ್ಮ ತಂದೆಯವರ ಬೀಗವನ್ನು ನೋಡಿ ಆತ ನಕ್ಕನು. “ಸ್ವಾಮಿ, ಇದು ದೊಡ್ಡದು, ಆದರೆ ಇದರ ಕೊಂಡಿ ಉದ್ದ. ಕತ್ತರಿ ಹಾಕಲು ಅಷ್ಟೇ ಸಾಕು” ಎಂದ. ಈಗ ಕೊಂಡಿ ಕಾಣದ ಗಿಡ್ಡ ಬೀಗವೊಂದು ಕಬ್ಬಿಣದ ಚಿಕ್ಕ ಗೂಡಿನೊಳಗೆ ಅಡಗಿ ಕುಳಿತಿದೆ. ಗಾಡಿಯಲ್ಲಿ ಎಲ್ಲಿಯೋ ಜಿ.ಪಿ.ಎಸ್. ಯಂತ್ರವನ್ನೂ ಬಚ್ಚಿಟ್ಟಿದ್ದಾನೆ, ಎಲ್ಲೆಂದು ನನಗೂ ಹೇಳಿಲ್ಲ, ನಾನು ಮಾತುಗಾರನೆಂದು. ಕೆಂಪು ಅಕ್ಷರಗಳನ್ನು ಅಳಿಸಬೇಕೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಗಿರಾಕಿಗೆ ಒಳಗೇನಿದೆಯೆಂದು ತಿಳಿಸುವ ಬರಹವೇ ಕಳ್ಳನಿಗೂ ತಿಳಿಸುತ್ತದೆ. ಆದರೆ ಅಳಿಸಿದರೆ ಅನ್ನ ಹೇಗೆ?

ಪಟ್ಟಿ ಮಾತ್ರ ನನ್ನ ಕೈಯದು. ಹೊಸದಾಗಿ ಕಂತಿನಲ್ಲಿ ತಂದ ಪ್ರತಿಯೊಂದು ಸಾಮಾನಿನ ನಂಬರು, ರಸೀತಿ, ಫೋಟೋ ದಪ್ಪ ಪುಸ್ತಕದಲ್ಲಿವೆ. ಪ್ರತಿಯೊಂದರ ತಳದಲ್ಲಿಯೂ ಅವನ ಹೆಸರು ಕೊರೆದಿದೆ. ಏಳು ತಿಂಗಳ ಮೇಲೆ ಠಾಣೆಯಿಂದ ಕರೆ ಬಂದಿತು. ರಟ್ಟಿನ ಡಬ್ಬದ ನಂಬರಿನ ಆಂಪ್ಲಿಫೈಯರು ಸಿಕ್ಕಿತ್ತು. ನ್ಯಾಯಾಲಯದ ಅನುಮತಿ ಪಡೆದು, ಮುಚ್ಚಳಿಕೆ ಬರೆದುಕೊಟ್ಟು ಬಿಡಿಸಿಕೊಂಡು ಬಂದೆವು. ನಂಬರಿಲ್ಲದ ಉಳಿದವುಗಳ ಸುದ್ದಿಯಿಲ್ಲ. ತಂಗಿಯ ಬಳೆಗಳಲ್ಲಿ ಎರಡು ಇನ್ನೂ ಅಡವಿನಲ್ಲಿವೆ. ಅವಳಿಗೆ ವಿಷಯ ತಿಳಿಸಿದವನು ನಾನೇ. ಗಾಡಿಯನ್ನು ಪಾರ್ಕಿಗೆ ಕಳಿಸಿದ ಭಾಗವನ್ನೂ ಮರೆಮಾಚಲಿಲ್ಲ. “ನೀನು ಬೇಕೆಂದು ಮಾಡಿದೆಯೇನಣ್ಣ” ಎಂದಳು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಹೂಕುಂಡಗಳು ಈಗ ತಾರಸಿಯ ಮೇಲಿವೆ. ಬೆತ್ತದ ಕುರ್ಚಿ ನಡುಮನೆ ಸೇರಿದೆ. ರಾತ್ರಿ ಒಂದು ಗಂಟೆಗೆ ಗಾಡಿಯ ಸದ್ದಾದೊಡನೆ ನಾನು ಟಾರ್ಚು ಹಿಡಿದು ಗೇಟು ತೆರೆಯುತ್ತೇನೆ. ಮೈಕಿನ ಚೀಲ, ಮಿಕ್ಸರು ಮೊದಲು ಒಳಗೆ ಬರುತ್ತವೆ. ಆಮೇಲೆ ಅವನು ಹಿಂದುಹಿಂದಾಗಿ ಗಾಡಿಯನ್ನು ಗೇಟಿನೊಳಕ್ಕೆ ಬಿಡುತ್ತಾನೆ.

“ಇನ್ನೂ ಹಿಂದೆ ಬಾ, ಇನ್ನೂ ಸ್ವಲ್ಪ.”

“ಗೋಡೆ ತಾಗೀತು ಮಾವ!”

“ನಾಲ್ಕು ಬೆರಳಿದೆ, ಬಾ.”

ಬಾಗಿಲಿಗೂ ಗೋಡೆಗೂ ನಡುವೆ ನನ್ನ ಅಂಗೈ ಅಡ್ಡಲಾಗಿ ಹಿಡಿಯುವಷ್ಟು ಜಾಗ ಉಳಿದಾಗ “ಸಾಕು” ಎನ್ನುತ್ತೇನೆ. ಒಳಗಿನಿಂದ ನನ್ನಾಕೆ, ನೆರೆಯವರಿಗೆ ನಿದ್ದೆ ಕೆಡುತ್ತದೆ, ಮೆಲ್ಲಗೆ ಎಂದು ಗದರಿಸುತ್ತಾಳೆ.