ಗದ್ದದ ಕೆಳಗೊಂದು ಪಟ್ಟಿ

ನಮ್ಮ ಭಾಷೆಯಲ್ಲಿ ತಲೆಯ ಸುತ್ತ ಬೆಳೆದ ನುಡಿಗಟ್ಟುಗಳಿಗೆ ಬರವಿಲ್ಲ. ತಲೆ ಕೊಡುವವರಿದ್ದಾರೆ, ತಲೆ ತಪ್ಪಿಸಿಕೊಳ್ಳುವವರಿದ್ದಾರೆ, ತಲೆ ತಿನ್ನುವವರಂತೂ ಮನೆಗೊಬ್ಬರಿದ್ದಾರೆ. ಆದರೆ ತಲೆಯ ಮೇಲೆ ಕೂರುವ ಟೊಪ್ಪಿಗೆ ಕನ್ನಡಿಗರು ಕೊಟ್ಟ ಮರ್ಯಾದೆ ವಿಚಿತ್ರವಾದದ್ದು. ‘ಟೊಪ್ಪಿ ಹಾಕಿದ’ ಎಂದರೆ ಮೋಸ ಮಾಡಿದ ಎಂದೇ ಅರ್ಥ. ಈ ನುಡಿಗಟ್ಟಿಗೆ ಉದಾಹರಣೆ ಬೇಕಾದವರು ನಿಘಂಟನ್ನು ತಿರುವಬೇಕಾಗಿಲ್ಲ. ಮಂಗಳೂರಿನಿಂದ ಬಂದ ಹೆದ್ದಾರಿ ಬೆಂಗಳೂರಿನ ಕಡೆಗೊಂದು, ಬೆಳ್ತಂಗಡಿ-ಚಾರ್ಮಾಡಿಯ ಕಡೆಗೊಂದು ಕವಲಾಗುವ ಬಿ.ಸಿ. ರೋಡಿನಲ್ಲಿ ಹತ್ತು ನಿಮಿಷ ನಿಂತರೆ ಸಾಕು. ಪೋಲೀಸರ ಬಿಳಿಯ ಅಂಗಿ ದೂರದಲ್ಲಿ ಕಂಡೊಡನೆ, ಕನ್ನಡಿಗೆ ತೂಗುಹಾಕಿದ್ದ ಹೆಲ್ಮೆಟ್ಟುಗಳು ಒಂದೊಂದಾಗಿ ತಲೆಯನ್ನೇರುತ್ತವೆ. ಅವುಗಳ ಪಟ್ಟಿಗಳು ಮಾತ್ರ ಕಿವಿಯ ಎರಡೂ ಬದಿಯಲ್ಲಿ ದನದ ಕೊರಳ ಹಗ್ಗದಂತೆ ತೂಗಾಡುತ್ತಲೇ ಇರುತ್ತವೆ. ಯಾರು ಯಾರಿಗೆ ಟೊಪ್ಪಿ ಹಾಕಿದರೆಂದು ವಾಚಕರೇ ತೀರ್ಮಾನಿಸಬೇಕು.

ನಾನು ಹೇಳಹೊರಟಿರುವುದು ಆ ಪಟ್ಟಿಯ ವಿಚಾರವನ್ನು. ಒಂದು ಅಂಗುಲಕ್ಕಿಂತ ಕಡಿಮೆ ಅಗಲದ ಈ ನೇಯ್ದ ಪಟ್ಟಿಗೆ ಕನ್ನಡದಲ್ಲಿ ಇನ್ನೂ ನೆಟ್ಟಗೆ ಒಂದು ಹೆಸರಿಲ್ಲ. ಸದ್ಯಕ್ಕೆ ಗದ್ದಪಟ್ಟಿ ಎನ್ನೋಣ.

ತಲೆಗೆ ಕಾಪು ಎಂಬುದು ನಮ್ಮ ಸೀಮೆಗೆ ಹೊಸದೇನಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ತೋಟಗಳಲ್ಲಿ ಉದುರಿದ ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಮಡಚಿ ಹೊಲಿದ ಟೊಪ್ಪಿಗೆ ತುಳುವರು ಮುಟ್ಟಾಳೆ ಎನ್ನುತ್ತಾರೆ. ಬಿಸಿಲಿಗೂ ಅದೇ, ಮಳೆಹನಿಗೂ ಅದೇ, ತಲೆಹೊರೆಯ ಒತ್ತಿಗೂ ಅದೇ. ಮುಟ್ಟಾಳೆಗೆ ಗದ್ದಪಟ್ಟಿಯಿಲ್ಲ, ಬೇಕಾಗಿಯೂ ಇಲ್ಲ. ಏಕೆಂದರೆ ಅದನ್ನು ಮಾಡುವವನು ತಲೆಯನ್ನು ಕಂಡೇ ಮಾಡುತ್ತಾನೆ. ಹಸಿಹಾಳೆಯನ್ನು ತಲೆಗೆ ಸುತ್ತಿ ಹಿಡಿದು, ಹೆಬ್ಬೆರಳಿನಿಂದ ಮಡಿಕೆಯ ಗುರುತು ಮಾಡಿ, ಅಲ್ಲೇ ಹೊಲಿಗೆ ಹಾಕುತ್ತಾನೆ. ಅದು ಒಬ್ಬನದೇ ತಲೆಗೆ ಒಗ್ಗಿದ ಟೊಪ್ಪಿ.

ಕಾರ್ಖಾನೆಯ ಹೆಲ್ಮೆಟ್ಟಿಗೆ ಈ ಭಾಗ್ಯವಿಲ್ಲ. ಅದನ್ನು ಎರಕ ಹೊಯ್ದವನು ನಿಮ್ಮ ತಲೆಯನ್ನು ಕಂಡಿಲ್ಲ. ಸಣ್ಣದು, ನಡುವಿನದು, ದೊಡ್ಡದು ಎಂದು ಕೆಲವೇ ಅಳತೆಗಳಲ್ಲಿ ಅವನು ಲೋಕದ ತಲೆಗಳನ್ನೆಲ್ಲ ಹಿಡಿಸಬೇಕು. ಮೂಡಬಿದಿರೆಯಲ್ಲಿ ೧೪೩೦ರಲ್ಲಿ ಎದ್ದ ಸಾವಿರ ಕಂಬದ ಬಸದಿಯ ಕಂಬಗಳಲ್ಲಿ ಒಂದರಂತೆ ಇನ್ನೊಂದಿಲ್ಲ ಎಂದು ನೋಡಬಂದವರಿಗೆ ಹೇಳುವ ವಾಡಿಕೆಯುಂಟು. ಮನುಷ್ಯರ ತಲೆಗಳೂ ಹಾಗೆಯೇ. ಒಬ್ಬನದು ತೆಂಗಿನಕಾಯಿಯಂತೆ ಉದ್ದ, ಇನ್ನೊಬ್ಬನದು ಚಕ್ಕೋತದಂತೆ ಉರುಟು. ಒಬ್ಬನಿಗೆ ಗಡ್ಡ, ಒಬ್ಬಳಿಗೆ ತುರುಬು, ಮತ್ತೊಬ್ಬಳಿಗೆ ತಲೆವಸ್ತ್ರ, ಮಗದೊಬ್ಬಳಿಗೆ ಜಡೆಯ ಮೇಲೊಂದು ಮೊಳ ಮಲ್ಲಿಗೆ. ಮುಟ್ಟಾಳೆಯವನ ಹೆಬ್ಬೆರಳು ಮಾಡುತ್ತಿದ್ದ ಕೆಲಸವನ್ನು ಹೆಲ್ಮೆಟ್ಟಿನಲ್ಲಿ ಈ ಪಟ್ಟಿ ಮಾಡಬೇಕಾಗಿದೆ. ಆದ್ದರಿಂದಲೇ ಅದನ್ನು ಹಿಗ್ಗಿಸಿ ಕುಗ್ಗಿಸುವಂತೆ ರಚಿಸಿರುತ್ತಾರೆ. ಹೆಲ್ಮೆಟ್ಟನ್ನು ತಯಾರಿಸುವ ಕಾರ್ಯದ ಕೊನೆಯ ಹಂತ ಕಾರ್ಖಾನೆಯಲ್ಲಿ ಮುಗಿಯುವುದಿಲ್ಲ. ಅದು ಪ್ರತಿದಿನ ಬೆಳಗ್ಗೆ ತೊಡುವವನ ಬೆರಳುಗಳಲ್ಲಿ ಮುಗಿಯುತ್ತದೆ.

ಈ ಪಟ್ಟಿಯ ರಚನೆಯಲ್ಲಿ ಇಷ್ಟು ವಿವೇಕ ಅಡಗಿದೆಯೆಂದು ಮೊದಲು ನಾನೂ ಎಣಿಸಿರಲಿಲ್ಲ. ಪಟ್ಟಿಯನ್ನು ಹೊರಚಿಪ್ಪಿಗೆ ಎಲ್ಲಿ ಬಂಧಿಸಬೇಕೆಂಬುದೇ ಮೊದಲ ಪ್ರಶ್ನೆ. ಬಂಧನ ತೀರ ಮುಂದೆ ಸರಿದರೆ, ಪಟ್ಟಿ ಎಷ್ಟೇ ಬಿಗಿಯಾಗಿದ್ದರೂ ಹೆಲ್ಮೆಟ್ಟು ಹಿಂದಿನಿಂದ ಎದ್ದು ಹಣೆಯ ಮೇಲೆ ಉರುಳಿ ಕಳಚಿಬೀಳಬಹುದು. ಸೈಕಲ್ಲಿನ ಹಗುರವಾದ ಹೆಲ್ಮೆಟ್ಟುಗಳಲ್ಲಿ ಕಿವಿಯ ಮುಂದೊಂದು, ಹಿಂದೊಂದು ಪಟ್ಟಿ ಇಳಿದು ಕಿವಿಯ ಕೆಳಗೆ ಕೂಡುವುದು ಈ ಕಾರಣಕ್ಕಾಗಿಯೇ. ವಿಶ್ವಸಂಸ್ಥೆಯ ೨೨ನೆಯ ನಿಯಮದಂತೆ ಮೋಟಾರ್ ಸೈಕಲ್ಲಿನ ಹೆಲ್ಮೆಟ್ಟನ್ನು ಪರೀಕ್ಷಿಸುವಾಗ, ಅದರ ಹಿಂಬದಿಗೆ ಕೊಕ್ಕೆ ಹಾಕಿ, ೧೦ ಕಿಲೋ ಭಾರವನ್ನು ಅರ್ಧ ಮೀಟರ್ ಎತ್ತರದಿಂದ ಬೀಳಿಸಿ ಮುಂದಕ್ಕೆ ಜಗ್ಗುತ್ತಾರೆ. ಹೆಲ್ಮೆಟ್ಟು ೩೦ ಡಿಗ್ರಿಗಿಂತ ಹೆಚ್ಚು ತಿರುಗಕೂಡದು. ಪಟ್ಟಿಯನ್ನೂ ಬೇರೆಯಾಗಿ ಜಗ್ಗಿ ನೋಡುತ್ತಾರೆ. ೧೦ ಕಿಲೋ ಭಾರ ಮುಕ್ಕಾಲು ಮೀಟರ್ ಬಿದ್ದು ಎಳೆದಾಗಲೂ ಅದು ೩೫ ಮಿಲಿಮೀಟರಿಗಿಂತ ಹೆಚ್ಚು ಜಗ್ಗಬಾರದು. ಅಗಲ ೨೦ ಮಿಲಿಮೀಟರಿಗೆ ಕಡಿಮೆಯಿರಬಾರದು. ಇದ್ದರೆ ಕತ್ತನ್ನೇ ಕೊಯ್ದೀತು.

ಇನ್ನು ಬಿಗಿಯುವ ಬಗೆಗಳು. ಎಲ್ಲಕ್ಕಿಂತ ಸರಳವಾದದ್ದು ಇಂಗ್ಲಿಷಿನ ‘ಡಿ’ ಅಕ್ಷರದ ಆಕಾರದ ಎರಡು ಬಳೆಗಳು. ಪಟ್ಟಿಯ ತುದಿಯನ್ನು ಎರಡರಲ್ಲೂ ತೂರಿಸಿ, ಮರಳಿ ಒಂದರಲ್ಲಿ ಮಾತ್ರ ಹೊರತೆಗೆದು ಎಳೆದರೆ ಮುಗಿಯಿತು. ಎಳೆತ ಹೆಚ್ಚಿದಷ್ಟೂ ಬಳೆಗಳು ಪಟ್ಟಿಯನ್ನು ಇನ್ನಷ್ಟು ಕಚ್ಚಿ ಹಿಡಿಯುತ್ತವೆ. ಇದರ ಗುಣವೆಂದರೆ, ಕಟ್ಟಿಕೊಂಡಾಗಲೆಲ್ಲ ಹೊಸದಾಗಿಯೇ ಕಟ್ಟಿಕೊಳ್ಳಬೇಕು. ನಿನ್ನೆಯ ಅಳತೆ ಇಂದಿಗೆ ನಡೆಯದು. ಎರಡನೆಯದು ಹಲ್ಲುಗಳಿರುವ ನಾಲಗೆ. ಟಿಕ್ ಟಿಕ್ ಎಂದು ಒಂದೊಂದೇ ಹಲ್ಲು ಒಳಸರಿದು ಬಿಗಿಯುತ್ತದೆ. ಮೂರನೆಯದು ಶಾಲೆಯ ಚೀಲಗಳಲ್ಲಿರುವಂಥ ಚಟಕ್ಕನೆ ಕೂರುವ ಬಕಲ್. ಕೊನೆಯದರ ಉದ್ದವನ್ನು ಕೊಂಡ ದಿನ ಸರಿಮಾಡಿದರೆ ಮತ್ತೆ ಅದನ್ನು ಮುಟ್ಟುವವರಿಲ್ಲ. ದಿನಕಳೆದಂತೆ ಪಟ್ಟಿ ಜಾರಿ ಸಡಿಲವಾಗುತ್ತದೆ. ಚಟಕ್ಕೆಂಬ ಸದ್ದು ಮಾತ್ರ ಮೊದಲಿನಂತೆಯೇ ಧೈರ್ಯ ಹೇಳುತ್ತಿರುತ್ತದೆ.

ಹಾಗಾದರೆ ಗಟ್ಟಿಯಾಗಿ ಹಿಡಿಯುವ ಪಟ್ಟಿಯೇ ಒಳ್ಳೆಯ ಪಟ್ಟಿಯೋ? ಅಷ್ಟು ಸುಲಭವಾಗಿದ್ದರೆ ಇದನ್ನು ರಚಿಸುವವರಿಗೆ ನಿದ್ದೆಗೆ ಕೊರತೆಯಿರುತ್ತಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಅನೇಕ ಸೈನಿಕರು ತಮ್ಮ ಉಕ್ಕಿನ ಶಿರಸ್ತ್ರಾಣದ ಪಟ್ಟಿಯನ್ನು ಬಿಚ್ಚಿಯೇ ಓಡಾಡುತ್ತಿದ್ದರು. ಸಮೀಪದಲ್ಲಿ ಸಿಡಿದ ಗುಂಡಿನ ಗಾಳಿ ಹೆಲ್ಮೆಟ್ಟನ್ನೆತ್ತಿ ಕತ್ತು ಮುರಿದೀತೆಂಬ ಅಂಜಿಕೆ ಅವರದು. ೧೫ ಪೌಂಡು ಎಳೆತಕ್ಕೆ ತಾನಾಗಿ ಬಿಟ್ಟುಕೊಳ್ಳುವ ಕೊಂಡಿಯನ್ನು ಕಡೆಗೆ ಸೈನ್ಯವೇ ಮಾಡಿಸಬೇಕಾಯಿತು. ಯುರೋಪಿನ ನಿಯಮದಂತೆ ಕಾರ್ಖಾನೆಯ ಕೆಲಸಗಾರನ ಹೆಲ್ಮೆಟ್ಟಿನ ಪಟ್ಟಿ ಸುಮಾರು ೧೫ರಿಂದ ೨೫ ಕಿಲೋ ಎಳೆತಕ್ಕೆ ಬಿಟ್ಟುಕೊಡಬೇಕು. ಇಲ್ಲವಾದರೆ ಯಂತ್ರಕ್ಕೋ ಕಂಬಿಗೋ ಸಿಕ್ಕಿದ ಹೆಲ್ಮೆಟ್ಟು ಅವನನ್ನೇ ನೇಣಿಗೇರಿಸೀತು. ಪರ್ವತ ಹತ್ತುವವನ ಪಟ್ಟಿಯಾದರೋ ಸುಮಾರು ೫೦ ಕಿಲೋ ಎಳೆತಕ್ಕೂ ಬಿಡಕೂಡದು. ಉರುಳುವಾಗ ತಲೆ ಒಮ್ಮೆ ಮಾತ್ರ ಬಂಡೆಗೆ ಬಡಿಯುವುದಿಲ್ಲವಷ್ಟೆ! ಸ್ವೀಡನ್ನಿನಲ್ಲಿ ಸೈಕಲ್ ಹೆಲ್ಮೆಟ್ಟನ್ನು ಹಾಕಿಕೊಂಡೇ ಆಟದ ಏಣಿ ಹತ್ತಿದ ಮಕ್ಕಳು ಅದು ಸಿಕ್ಕಿಕೊಂಡು ಉಸಿರು ಕಟ್ಟಿ ಸತ್ತ ಮೇಲೆ, ಎಳೆಯರಿಗಾಗಿ ತಾನೇ ಬಿಚ್ಚಿಕೊಳ್ಳುವ ಪಟ್ಟಿ ಬಂತು. ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬ ಈ ಪ್ರಶ್ನೆಗೆ ತಂದೆತಾಯಿಗಳಲ್ಲೂ ಮೇಷ್ಟರುಗಳಲ್ಲೂ ಸಿದ್ಧ ಉತ್ತರವಿಲ್ಲ. ಪಟ್ಟಿ ಮಾಡುವವನು ಮಾತ್ರ ಅದನ್ನು ಕಿಲೋ ಲೆಕ್ಕದಲ್ಲಿ ಹೇಳಲೇಬೇಕು.

ನಮ್ಮ ಅಡಿಕೆ ಮರದ ಮೇಲಿನ ಕೆಲಸಕ್ಕೂ ಇದೇ ಪ್ರಶ್ನೆಯುಂಟು. ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ರಚಿಸಿದ ಮರವೇರುವ ಯಂತ್ರ ೨೦೧೯ರಲ್ಲಿ ದೇಶಕ್ಕೆಲ್ಲ ಸುದ್ದಿಯಾಯಿತು. ಅದರ ಆಸನದಲ್ಲೂ ಕುಳಿತವನನ್ನು ಬಿಗಿಯಲು ಒಂದು ಪಟ್ಟಿಯಿದೆ. ಏರುವುದನ್ನು ಕಲಿಸಿದವನು ಬೀಳದಿರುವುದನ್ನೂ ಯೋಚಿಸಲೇಬೇಕಲ್ಲವೆ?

ಬಿಗಿಯುವ ವಿದ್ಯೆಯನ್ನು ನಮ್ಮವರು ಬಲ್ಲರೆಂಬುದಕ್ಕೆ ಯಕ್ಷಗಾನದ ಚೌಕಿಗಿಂತ ಬೇರೆ ಸಾಕ್ಷಿ ಬೇಡ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಮೇಳವೇ ಇರಲಿ, ಬೇರಾವುದೇ ಇರಲಿ, ಕಿರೀಟ ಮೇಳದ ಸೊತ್ತು, ತಲೆ ಕಲಾವಿದನದು. ಎರಡನ್ನೂ ಹೊಂದಿಸಲು ಮೊದಲು ತಲೆಗೆ ಬಟ್ಟೆ ಸುತ್ತುತ್ತಾರೆ. ತಲೆ ಸಣ್ಣದಾದರೆ ಒಂದು ಸುತ್ತು ಹೆಚ್ಚು, ದೊಡ್ಡದಾದರೆ ಒಂದು ಸುತ್ತು ಕಡಿಮೆ. ಆಮೇಲೆ ಕಿರೀಟವನ್ನಿಟ್ಟು ಬಿಗಿಯುತ್ತಾರೆ. ಬಿಗಿತ ಹೆಚ್ಚಾದರೆ ತಲೆಸಿಡಿತ, ಕಡಿಮೆಯಾದರೆ ದಿಗಿಣದ ನಡುವೆ ದೇವೇಂದ್ರನ ಕಿರೀಟ ಭಾಗವತರ ಮಡಿಲಿಗೆ! ವೇಷಧಾರಿ ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೊಡವಿ ನೋಡಿ, ಕಿರೀಟ ತನ್ನೊಡನೆ ತಿರುಗಿತೆಂದು ಖಾತ್ರಿಯಾದ ಮೇಲೆಯೇ ಏಳುತ್ತಾನೆ. ಹೆಲ್ಮೆಟ್ಟು ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಬಲ್ಲವರು ಹೇಳುವ ಪರೀಕ್ಷೆಯೂ ಇದೇ. ರಂಗಸ್ಥಳದ ಮಾನಕ್ಕಾಗಿ ಇಷ್ಟು ಎಚ್ಚರ ವಹಿಸುವ ನಾಡಿನಲ್ಲಿ, ರಸ್ತೆಯ ಪ್ರಾಣಕ್ಕಾಗಿ ಅದರ ಕಾಲುಭಾಗ ಎಚ್ಚರವೂ ಏಕಿಲ್ಲವೆಂದು ನನಗೆ ಸೋಜಿಗ.

ಈ ಸೋಜಿಗ ನನ್ನಲ್ಲಿ ನೋವಾಗಿ ಉಳಿಯಲು ಕಾರಣವಿದೆ. ನನ್ನಲ್ಲಿ ಕನ್ನಡ ಓದಿದ ಹುಡುಗನೊಬ್ಬನಿದ್ದ. ಮೂಡಬಿದಿರೆಯ ರತ್ನಾಕರವರ್ಣಿಯೆಂದರೆ ಅವನಿಗೆ ಪ್ರಾಣ. ‘ಭರತೇಶ ವೈಭವ’ದ ಸಾಂಗತ್ಯಗಳನ್ನು ಪುಸ್ತಕವಿಲ್ಲದೆ ಹಾಡುತ್ತಿದ್ದ. ಐದು ವರ್ಷಗಳ ಹಿಂದೆ ಒಂದು ಮಳೆಗಾಲದ ಸಂಜೆ ವೇಣೂರಿನಿಂದ ಮೂಡಬಿದಿರೆಗೆ ಬರುವ ದಾರಿಯಲ್ಲಿ ಅವನ ಬೈಕು ಜಾರಿತು. ವೇಗ ಹೆಚ್ಚಿರಲಿಲ್ಲ. ತಲೆಯಲ್ಲಿ ಹೆಲ್ಮೆಟ್ಟೂ ಇತ್ತು, ಒಳ್ಳೆಯದೇ ಇತ್ತು. ಬಕಲಿನ ನಾಲಗೆ ಮುರಿದು ತಿಂಗಳಾಗಿತ್ತಂತೆ. ಪಟ್ಟಿಯ ತುದಿಯನ್ನು ಸುಮ್ಮನೆ ಒಳಗೆ ಸಿಕ್ಕಿಸಿಕೊಂಡಿದ್ದ. ಮರುದಿನ ಪಕ್ಕದ ತೋಟದ ಕಣಿಯಲ್ಲಿ ಆ ಹೆಲ್ಮೆಟ್ಟು ಸಿಕ್ಕಿತು. ಅದರ ಮೇಲೆ ಒಂದು ಗೀರೂ ಇರಲಿಲ್ಲ.

ಹುಡುಗ ಉಳಿದ. ಕೈಕಾಲು ಸರಿಯಾಗಿವೆ, ನೆನಪಿದೆ, ನನ್ನನ್ನು ಕಂಡೊಡನೆ ಎದ್ದು ನಿಲ್ಲುತ್ತಾನೆ. ಪೆಟ್ಟು ಬಿದ್ದದ್ದು ಮಿದುಳಿನಲ್ಲಿ ಮಾತು ಇರುವ ಎಡಭಾಗಕ್ಕೆ. ಕಳೆದ ಬಾರಿ ಅವರ ಮನೆಗೆ ಹೋಗಿದ್ದಾಗ ಹೊರಡುವ ಹೊತ್ತಿಗೆ ಮಳೆ ಬಂತು. ಅವನು ನನ್ನ ಕೈ ಹಿಡಿದು ನಿಲ್ಲಿಸಿ, “ಸಾರ್, ಅದು... ಅದು...” ಎಂದು ಅಂಗೈಯನ್ನು ಮೇಲೆತ್ತಿ ಬೆರಳುಗಳನ್ನು ಅಗಲಿಸಿ ತೋರಿಸಿದ. ಒಳಗೆ ಓಡಿಹೋಗಿ ಕೊಡೆಯನ್ನು ತಂದುಕೊಟ್ಟ. ಕೊಡೆ ಯಾವುದಕ್ಕೆಂದು ಅವನಿಗೆ ಗೊತ್ತು. ಕೊಡೆ ಎಂಬ ಎರಡಕ್ಷರ ಸಿಕ್ಕಲಿಲ್ಲ. ಸಾಂಗತ್ಯದ ರಾಗ ಈಗಲೂ ಅವನ ಗಂಟಲಲ್ಲಿದೆ. ಪದಗಳ ಜಾಗದಲ್ಲಿ ಬರಿಯ ಗುನುಗು.

ಹೆಲ್ಮೆಟ್ಟು ಸಾವಿನ ಅಪಾಯವನ್ನು ಶೇಕಡ ೪೨ರಷ್ಟೂ ತಲೆಪೆಟ್ಟಿನ ಅಪಾಯವನ್ನು ಶೇಕಡ ೬೯ರಷ್ಟೂ ಇಳಿಸುತ್ತದೆಂದು ೨೦೦೮ರಲ್ಲಿ ಅನೇಕ ಅಧ್ಯಯನಗಳನ್ನು ಕ್ರೋಡೀಕರಿಸಿದ ವಿದ್ವಾಂಸರು ಲೆಕ್ಕ ಕೊಟ್ಟರು. ಆ ಲಾಭವೆಲ್ಲ ನೆಲ ಮುಟ್ಟುವ ಗಳಿಗೆಯಲ್ಲಿ ಹೆಲ್ಮೆಟ್ಟು ತಲೆಯಲ್ಲೇ ಇದ್ದರೆ ತಾನೆ? ನಮ್ಮ ಕಾನೂನಿಗೆ ಇದು ಗೊತ್ತಿದೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೧೨೯ನೆಯ ಪ್ರಕರಣ ಶಿರಸ್ತ್ರಾಣವೆಂದರೇನೆಂದು ವಿವರಿಸುವಾಗ, ಪೆಟ್ಟು ತಡೆಯುವಂತಿರಬೇಕೆಂಬುದರ ಜೊತೆಗೇ, ಪಟ್ಟಿಯಿಂದಲೋ ಬೇರೆ ಬಂಧನದಿಂದಲೋ ತಲೆಗೆ ಭದ್ರವಾಗಿ ಬಿಗಿದಿರಬೇಕೆಂದೂ ಹೇಳುತ್ತದೆ. ಎಂದರೆ, ಪಟ್ಟಿ ಬಿಗಿಯದ ಹೆಲ್ಮೆಟ್ಟು ಕಾನೂನಿನ ಕಣ್ಣಿನಲ್ಲಿ ಹೆಲ್ಮೆಟ್ಟೇ ಅಲ್ಲ. ೨೦೨೧ರ ಜೂನ್ ೧ರಿಂದ ಮಾನಕ ಸಂಸ್ಥೆಯ ಗುರುತಿಲ್ಲದ ಹೆಲ್ಮೆಟ್ಟನ್ನು ತಯಾರಿಸುವುದೂ ಮಾರುವುದೂ ನಿಷಿದ್ಧ. ೯ ತಿಂಗಳಿಂದ ೪ ವರ್ಷದವರೆಗಿನ ಮಕ್ಕಳಿಗೂ ಹೆಲ್ಮೆಟ್ಟು, ಜೊತೆಗೆ ಮೈಗೆ ಹೊಂದಿಸುವ ಪಟ್ಟಿಯ ಕವಚ ಬೇಕೆಂಬ ನಿಯಮ ೨೦೨೩ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಇನ್ನು ಕಾನೂನು ಮಾಡಲಾಗದ್ದು ಒಂದೇ. ಪ್ರತಿಯೊಬ್ಬರ ಗದ್ದದ ಕೆಳಗೂ ಕೈಹಾಕಿ ನೋಡಲು ಅದಕ್ಕೆ ಬೆರಳುಗಳಿಲ್ಲ.

ನಮ್ಮವರ ತಕರಾರುಗಳೂ ಪೂರ ಸುಳ್ಳಲ್ಲ. ಆಟಿ ತಿಂಗಳಲ್ಲಿ ಒದ್ದೆಯಾದ ಪಟ್ಟಿ ಒಣಗುವುದೇ ಇಲ್ಲ. ಬೂಷ್ಟು ಹಿಡಿದು ನಾರುತ್ತದೆ, ಗಂಟಲು ತುರಿಸುತ್ತದೆ, ಬೇಸಗೆಯಲ್ಲಿ ಬೆವರು. ತುರುಬಿನವರಿಗೆ ಹೆಲ್ಮೆಟ್ಟು ಮುಂದಕ್ಕೆ ಜಾರುತ್ತದೆ, ಗಡ್ಡದವರಿಗೆ ಕೂದಲು ಸಿಕ್ಕಿಕೊಳ್ಳುತ್ತದೆ. ಬಿಚ್ಚಿ ತೊಳೆಯಬಹುದಾದ ಮೆತ್ತೆ, ಬೇಗನೆ ಒಣಗುವ ನೂಲು, ತುರುಬಿಗೆ ಎಡೆ, ಒದ್ದೆ ಬೆರಳಿಗೂ ಸಿಕ್ಕುವ ಬಕಲ್ ಇವನ್ನೆಲ್ಲ ಕರಾವಳಿಯ ತಲೆಗಳನ್ನು ಕಂಡವರು ರಚಿಸಿದರೆ ಎಷ್ಟು ಚೆನ್ನ! ಕಾಲೇಜುಗಳಿಗೆ ಬರವಿಲ್ಲದ ಈ ಸೀಮೆಯಲ್ಲಿ ತಂತ್ರವಿದ್ಯೆಯ ಹುಡುಗರಿಗೆ ಇದಕ್ಕಿಂತ ಯೋಗ್ಯವಾದ ಅಭ್ಯಾಸ ಇನ್ನೊಂದಿಲ್ಲ. ಹೊಸ ಹೆಲ್ಮೆಟ್ಟು ಕೊಳ್ಳಹೋದವರು ಬಣ್ಣವನ್ನು ಅರ್ಧ ಗಂಟೆ ಆರಿಸಿ, ಪಟ್ಟಿಯನ್ನು ಒಮ್ಮೆಯೂ ಎಳೆದು ನೋಡದೆ ಹಣ ಕೊಡುವುದನ್ನು ಕಂಡಿದ್ದೇನೆ. ಹರಿದ ಪಟ್ಟಿಗೆ ಚೀಲದ ಪಟ್ಟಿಯನ್ನು ಹೊಲಿದುಕೊಟ್ಟ ಸಂತೆಯ ದುರಸ್ತಿಗಾರನೊಬ್ಬ “ಪೋಲೀಸರಿಗೆ ಇಷ್ಟು ಸಾಕು” ಎಂದದ್ದನ್ನೂ ಕೇಳಿದ್ದೇನೆ. ಅವನ ಮಾತು ನಿಜವೇ, ಪೋಲೀಸರಿಗೆ ಸಾಕು. ರಸ್ತೆಗೆ ಸಾಲದು.

ಕೊನೆಗೆ ನನ್ನ ಕಸುಬಿಗೆ ಸೇರಿದ ಒಂದು ಮಾತು. ಕನ್ನಡದಲ್ಲಿ ಮುಂಡಾಸನ್ನು ಕಟ್ಟುತ್ತಾರೆ, ಬಾಸಿಂಗವನ್ನು ಕಟ್ಟುತ್ತಾರೆ, ಕಿರೀಟವನ್ನೂ ಕಟ್ಟುತ್ತಾರೆ. ಹೆಲ್ಮೆಟ್ಟನ್ನು ಮಾತ್ರ ‘ಹಾಕುತ್ತಾರೆ’. ಕ್ರಿಯಾಪದ ತಪ್ಪಿದ್ದರಿಂದಲೇ ಕ್ರಿಯೆಯೂ ತಪ್ಪಿತೋ ಏನೋ. ನಾನಂತೂ ತರಗತಿಯಲ್ಲಿ, “ಹೆಲ್ಮೆಟ್ಟು ಕಟ್ಟಿಕೊಂಡು ಹೋಗಿ, ಪಟ್ಟಿಯೊಳಗೆ ಎರಡು ಬೆರಳು ಹಿಡಿಯಬೇಕು, ಮೂರನೆಯದು ಹಿಡಿಯಬಾರದು” ಎಂದು ಹೇಳುವ ರೂಢಿ ಮಾಡಿಕೊಂಡಿದ್ದೇನೆ. ವ್ಯಾಕರಣದ ಮೇಷ್ಟರ ಈ ಹೊಸ ಪ್ರಯೋಗಕ್ಕೆ ಹುಡುಗರು ಬಾಯ್ತುಂಬ ನಗುತ್ತಾರೆ. ನಗಲಿ. ಕಟ್ಟಿಕೊಂಡ ಮೇಲೆ ಹಾಗೆ ನಕ್ಕರೆ ಇನ್ನೂ ಒಳ್ಳೆಯದು. ಬಾಯಿ ತೆರೆದಾಗ ಗದ್ದ ಕೆಳಗಿಳಿದು ಹೆಲ್ಮೆಟ್ಟು ತಲೆಯನ್ನು ಮೆಲ್ಲನೆ ಒತ್ತಿತೆಂದರೆ ಪಟ್ಟಿ ಸರಿಯಾಗಿದೆಯೆಂದೇ ಲೆಕ್ಕ.