ಮುದಿ ನಾಯಿಯ ಮೈಮೇಲಿನ ಗಂಟು

ನಮ್ಮ ಮನೆಯ ಲ್ಯಾಬ್ರಡಾರ್ ಚಿನ್ನಿಗೆ ವಯಸ್ಸಾದಂತೆಲ್ಲ ಮೈಮೇಲೆ ಗಂಟುಗಳು ಏಳುತ್ತಿವೆ. ಪಕ್ಕೆಯ ಮೇಲೊಂದು, ಮುಂಗಾಲಿನ ಸಂದಿಯಲ್ಲೊಂದು. ನೋಡಿದವರೆಲ್ಲ, "ವಯಸ್ಸಾಯ್ತಲ್ಲ, ಕೊಬ್ಬಿನ ಗಂಟು, ಬಿಡಿ" ಅನ್ನುತ್ತಾರೆ. ಬಹಳ ಸಲ ಅದು ನಿಜವೇ. ಮೈ ತುಂಬಿಕೊಂಡ ಮುದಿ ನಾಯಿಗಳಲ್ಲಿ ಚರ್ಮದಡಿ ಮೆತ್ತಗೆ ಜಾರಾಡುವ ಕೊಬ್ಬಿನ ಗಂಟು ತೀರ ಸಾಮಾನ್ಯ. ನೋವು ಕೊಡದೆ ವರ್ಷಗಟ್ಟಲೆ ಇದ್ದುಬಿಡುತ್ತದೆ. ನನ್ನ ತಕರಾರಿರುವುದು ಮುಟ್ಟಿ ನೋಡಿಯೇ ತೀರ್ಪು ಕೊಡುವುದರ ಬಗ್ಗೆ.

ಮಾಸ್ಟ್ ಸೆಲ್ ಟ್ಯೂಮರ್ ಎಂಬ ಕ್ಯಾನ್ಸರ್ ಗಂಟೊಂದಿದೆ. ಬಾಕ್ಸರ್, ಪಗ್, ಲ್ಯಾಬ್ರಡಾರ್‌ಗಳಿಗೆ ಬರುವುದು ಹೆಚ್ಚು. ಒಂದು ನಾಯಿಯಲ್ಲಿ ಅದು ನರುಳ್ಳೆಯ ಹಾಗೆ ಕಾಣುತ್ತದೆ, ಇನ್ನೊಂದರಲ್ಲಿ ಥೇಟ್ ಕೊಬ್ಬಿನ ಗಂಟಿನ ಹಾಗೆ ಮೆತ್ತಗಿರುತ್ತದೆ. ಅದರ ಜೀವಕೋಶಗಳು ಹಿಸ್ಟಮಿನ್ ಬಿಡುವುದರಿಂದ ಇವತ್ತು ಊದಿ ಕೆಂಪಾಗಿ ನಾಳಿದ್ದು ಇಳಿಯುವುದೂ ಉಂಟು. ಇಳಿದಾಗ ಹಚ್ಚಿದ ಅರಿಶಿನಕ್ಕೆ ಕೀರ್ತಿ ಹೋಗುತ್ತದೆ, ರೋಗ ಒಳಗೇ ಉಳಿಯುತ್ತದೆ. ನುರಿತ ವೈದ್ಯರ ಬೆರಳಿಗೂ ಇದರ ಗುರುತು ಖಚಿತವಾಗಿ ಸಿಗುವುದಿಲ್ಲ.

ಸಿಗುವುದು ಸೂಜಿಗೆ. ಸಣ್ಣ ಸೂಜಿಯನ್ನು ಗಂಟಿಗೆ ಚುಚ್ಚಿ, ಬಂದಷ್ಟು ಜೀವಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸಾಮಾನ್ಯವಾಗಿ ಅರಿವಳಿಕೆಯೂ ಬೇಡ. ಚಿನ್ನಿ ಬಿಸ್ಕತ್ತು ಮೆಲ್ಲುತ್ತ ನಿಂತಿದ್ದಳು. "ಈ ವಯಸ್ಸಿನಲ್ಲಿ ಆಪರೇಷನ್ ಯಾಕೆ" ಎಂದು ಆಸ್ಪತ್ರೆಗೇ ಹೋಗದವರಿದ್ದಾರೆ. ಪರೀಕ್ಷೆ ಬೇರೆ, ಆಪರೇಷನ್ ಬೇರೆ. ಕೊಬ್ಬೆಂದು ಗೊತ್ತಾದರೆ ಹೆಚ್ಚಾಗಿ ಕತ್ತರಿಸುವ ಮಾತೇ ಇಲ್ಲ. ಕೆಟ್ಟದ್ದಾದರೆ, ಸಣ್ಣದಿರುವಾಗಲೇ ಸುತ್ತಲಿನ ಚರ್ಮ ಸೇರಿಸಿ ತೆಗೆಯಬಹುದು. ಕಾಲಿನ ಮೇಲಿನ ಗಂಟು ಬೆಳೆದುಬಿಟ್ಟರೆ ಹೊಲಿಯಲು ಚರ್ಮವೇ ಸಾಲದು.

ಗಂಟು ಒಂದು ಸೆಂಟಿಮೀಟರಿಗಿಂತ ದೊಡ್ಡದಿದ್ದರೆ, ಅಥವಾ ತಿಂಗಳಾದರೂ ಹೋಗದಿದ್ದರೆ, ಸೂಜಿ ಪರೀಕ್ಷೆ ಮಾಡಿಸಬೇಕೆನ್ನುವುದು ಹಲವು ಪಶುವೈದ್ಯರು ಪಾಲಿಸುವ ಸೂತ್ರ. ಬೇಗ ಬೆಳೆಯುವ, ಹುಣ್ಣಾದ, ರಕ್ತ ಒಸರುವ, ನಾಯಿ ನೆಕ್ಕುತ್ತಲೇ ಇರುವ, ಕೆಳಗಿನ ಮಾಂಸಕ್ಕೆ ಅಂಟಿಕೊಂಡು ಗಟ್ಟಿಯಾಗಿರುವ ಗಂಟಿಗೆ ಆ ತಿಂಗಳೂ ಕಾಯಬಾರದು. ಹೆಣ್ಣು ನಾಯಿಯ ಮೊಲೆಯ ಸಾಲಿನಲ್ಲಿ ಕಾಳಿನಷ್ಟು ಗಂಟು ಕೈಗೆ ಸಿಕ್ಕರೂ ಕೂಡಲೇ ತೋರಿಸಬೇಕು. ಅಲ್ಲಿ ಏಳುವ ಗಡ್ಡೆಗಳಲ್ಲಿ ಅರ್ಧದ ಹತ್ತಿರ ಕ್ಯಾನ್ಸರ್ ಆಗಿರುತ್ತವೆ. ಕಿವಿಯ ಹಿಂದೆ ಸಿಗುವ ಬೂದು ಗಂಟು ಮಾತ್ರ ರಕ್ತ ಕುಡಿದು ಉಬ್ಬಿದ ಉಣ್ಣೆಯೂ ಆಗಿರಬಹುದು, ಮೊದಲು ಕೂದಲು ಬಿಡಿಸಿ ನೋಡಿ.

ಒಂದು ಗಂಟು ಕೊಬ್ಬೆಂದು ಸಾಬೀತಾದರೆ ಪಕ್ಕದ್ದೂ ಕೊಬ್ಬೇ ಎಂದೇನಿಲ್ಲ. ಹೊಸದು ಎದ್ದಾಗಲೆಲ್ಲ ಹೊಸದಾಗಿ ಪರೀಕ್ಷೆ ಆಗಬೇಕು. ಪಕ್ಕದಲ್ಲಿ ನಾಣ್ಯವಿಟ್ಟು ಫೋಟೊ ತೆಗೆದು, ತಾರೀಖು ಬರೆದಿಟ್ಟರೆ ಬೆಳೆದಿದೆಯೇ ಇಲ್ಲವೇ ಎಂಬ ವಾದ ಮನೆಯಲ್ಲಿ ಏಳುವುದಿಲ್ಲ. ಊರಿನ ಪಶು ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕ ಇಲ್ಲದಿದ್ದರೆ ಗಾಜಿನ ಪಟ್ಟಿಯನ್ನು ಬೇರೆಡೆಗೆ ಕಳಿಸಬಹುದು. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳೇ ಇವೆ. ಮುಟ್ಟಿ ನೋಡಿ "ಏನೂ ಇಲ್ಲ" ಅಂದರೆ, "ಒಂದು ಸಲ ಸೂಜಿ ಹಾಕಿ ನೋಡಿ ಡಾಕ್ಟ್ರೇ" ಎಂದು ಕೇಳಲು ದಯವಿಟ್ಟು ಸಂಕೋಚಪಡಬೇಡಿ.