ಅಂಚಿನಾಚೆಗೂ ಒಂದು ಎಡೆ

2 ಅಕ್ಟೋಬರ್ 2024, ಬುಧವಾರ

ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಟ್ಟು, ಅಂಗಳದಲ್ಲಿ ಬಾಳೆಲೆ ಹಾಸಿ, ಕಾಗೆಗೆ ಕಾದದ್ದೇ ಕಾದದ್ದು. ಹಸ್ತ ಮಳೆ ಹನಿಯುತ್ತಲೇ ಇತ್ತು. ಕಾಗೆಗಳಿಗೆ ಇವತ್ತು ಊರೆಲ್ಲ ನೆಂಟಸ್ತಿಕೆ, ನಮ್ಮ ಮನೆಯ ಸರದಿ ಬರಬೇಕಲ್ಲ. ಮೈದುನನ ಮಗ ಹಸಿವು ತಾಳಲಾರದೆ ಒಂದು ವಡೆಗೆ ಕೈ ಹಾಕಿದ. ಅತ್ತೆ ಬಾಗಿಲಲ್ಲೇ ತಡೆದರು. "ಮೊದಲು ಅವರು, ಆಮೇಲೆ ನೀನು. ನಿನ್ನ ಸರದಿ ಬಂದಾಗ ನಿನ್ನ ಮಕ್ಕಳನ್ನೂ ಹಿಂಗೇ ಕಾಯಿಸ್ತೀವಿ ಬಿಡು." ಸತ್ತ ಮೇಲಿನ ಊಟದ ಮಾತು ಕೇಳಿ ಹುಡುಗ ನಗುವುದೋ ಬಿಡುವುದೋ ತಿಳಿಯದೆ ಒಳಗೆ ಓಡಿದ.

ಕೆಳಮನೆಯಲ್ಲಿ ಈ ವರ್ಷ ಹಬ್ಬವಿಲ್ಲ. ಆಷಾಢದಲ್ಲಿ ಕೆಳಮನೆ ಭಾವ ಹೋದರು. ವರ್ಷ ತುಂಬುವವರೆಗೆ ಅಲ್ಲಿ ಒಲೆ ಮೇಲೆ ಬಾಣಲೆ ಏರುವುದಿಲ್ಲ, ಹೋಳಿಗೆ ತಟ್ಟುವುದಿಲ್ಲ. ಹಬ್ಬವಿಲ್ಲದ ಮನೆಗೆ ಹಬ್ಬದಡುಗೆ ಕಳಿಸುವುದು ಅಕ್ಕಪಕ್ಕದವರ ಪಾಲಿನ ಕೆಲಸ. ಚೌತಿಗೂ ಕಳಿಸಿದ್ದೆವು, ಇವತ್ತೂ ಕಳಿಸಿದೆವು. ಭಾವನ ಹೆಂಡತಿ, ಕೆಳಮನೆ ಅಕ್ಕ, ತೆಗೆದುಕೊಂಡರು. ಆದರೆ "ಒಬ್ಬಳು ಎಷ್ಟು ತಿಂತೀನಿ, ಇನ್ನು ಕಳಿಸಬೇಡಿ" ಎಂದು ಹೇಳಿ ಕಳಿಸಿದ್ದಾರೆ. ಅವರ ಮಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾನೆ. ಮನೆಯಲ್ಲಿ ಅವರೊಬ್ಬರೇ.

ಅತ್ತೆ ಸಂಜೆಯವರೆಗೂ ಅದನ್ನೇ ಯೋಚಿಸುತ್ತಿದ್ದರು. ಕಡೆಗೆ ಹೇಳಿದ್ದು ಇಷ್ಟು: "ನಾವು ಕೊಟ್ಟಿದ್ದು ಅವಳಿಗೆ ಭಾರ ಆಗ್ತಿದೆ. ಅವಳ ಹತ್ರ ಏನಾದ್ರೂ ಕೇಳಬೇಕು."

12 ಅಕ್ಟೋಬರ್, ಶನಿವಾರ

ವಿಜಯದಶಮಿ. ಅಟ್ಟದಿಂದ ಬೂಮಣ್ಣಿ ಬುಟ್ಟಿಗಳನ್ನು ಇಳಿಸಿ ಒರೆಸಿದೆ. ದೊಡ್ಡದು ಭೂಮಿತಾಯಿಗೆ ಊಟ ಒಯ್ಯುವುದಕ್ಕೆ, ಚಿಕ್ಕದು ಗದ್ದೆಗೆ ಬೀರುವ ಸೊಪ್ಪಿನ ಅಂಬಲಿಗೆ, ಅಂದರೆ ಹಚ್ಚಂಬಲಿಗೆ. ಸಗಣಿ ಬಳಿದು ಒಣಗಿಸಿ, ಕೆಮ್ಮಣ್ಣು ಹಚ್ಚಿಟ್ಟಾಯಿತು. ಇನ್ನು ಭೂಮಿ ಹುಣ್ಣಿಮೆಯೊಳಗೆ ಚಿತ್ತಾರ ಬರೆಯಬೇಕು. ಅತ್ತೆಯ ಕೈ ಈಗ ನಡುಗುತ್ತದೆ. ನನ್ನ ಗೆರೆ ಎಂದೂ ನೆಟ್ಟಗೆ ನಿಂತದ್ದಿಲ್ಲ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು, ಅಳತೆಪಟ್ಟಿ ಇಲ್ಲದೆ ಗೆರೆ ಎಳೆದವಳಲ್ಲ.

ನಮ್ಮ ಕೇರಿಯಲ್ಲಿ ಹಸೆಗೆ, ಬುಟ್ಟಿಗೆ ಒಳ್ಳೆಯ ಕೈ ಎಂದರೆ ಕೆಳಮನೆ ಅಕ್ಕನದು. ಬನ್ನಿ ಕೊಡುವ ನೆಪದಲ್ಲಿ ಅತ್ತೆ ಕೋಲೂರಿಕೊಂಡು ತಾವೇ ಅಲ್ಲಿಗೆ ಹೋದರು. ಬನ್ನಿ ಎಲೆ ಕೈಗಿಟ್ಟು, ಕೂತು, ಎಲೆಯಡಿಕೆ ಹಾಕಿಕೊಂಡು, ಏಳುವಾಗ ಹೇಳಿದರಂತೆ: "ನನ್ನ ಕೈ ಕೂರ್ತಿಲ್ಲ ಮಾರಾಯ್ತಿ. ಬುಟ್ಟಿ ಬರೆದುಕೊಡು."

ಅಕ್ಕ ಹಿಂಜರಿದರಂತೆ. ಕುಂಕುಮ ಅಳಿಸಿದ ಕೈಯಲ್ಲಿ ದೇವರ ಬುಟ್ಟಿ ಬರೆಯಬಹುದೇ ಎಂಬುದು ಅವರ ಅನುಮಾನ. ನನ್ನ ಓರಗಿತ್ತಿಯೂ ರಾತ್ರಿ ಫೋನಿನಲ್ಲಿ ಅದನ್ನೇ ಎತ್ತಿದಳು. ಅತ್ತೆ ಫೋನು ಕಿತ್ತುಕೊಂಡು, "ಗಂಡ ಸತ್ತಿದ್ದು ಅವಳಿಗೆ, ಅವಳ ಕೈಗಲ್ಲ" ಎಂದು ಹೇಳಿ ನನಗೇ ಹಿಂದಿರುಗಿಸಿದರು. ಅಲ್ಲಿಗೆ ಮಾತು ಮುಗಿಯಿತು.

15 ಅಕ್ಟೋಬರ್, ಮಂಗಳವಾರ

ಅಕ್ಕ ನಿನ್ನೆಯಿಂದ ನಮ್ಮ ಜಗಲಿಯಲ್ಲಿ ಬುಟ್ಟಿ ಬರೆಯುತ್ತಿದ್ದಾರೆ. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಹಿನ್ನೆಲೆಗೆ ಕೆಮ್ಮಣ್ಣು. ಪುಂಡಿ ನಾರನ್ನು ತುದಿ ಜಜ್ಜಿ ಕುಂಚ ಮಾಡಿಕೊಂಡಿದ್ದಾರೆ. ಆ ನಾರು ಬುಟ್ಟಿಯ ಉಬ್ಬಿನ ಮೇಲೆ ಹಾಯುವಾಗ ಉಸಿರು ಹಿಡಿಯುತ್ತಾರೆ, ಗೆರೆ ಮುಗಿದ ಮೇಲೆ ಬಿಡುತ್ತಾರೆ. ಭತ್ತದ ಸಸಿ, ಏಣಿ, ಎತ್ತಿನ ಗಾಡಿ, ಸೂರ್ಯ ಚಂದ್ರ, ಎಳೆಗಳ ಮೇಲೆ ಎಳೆ.

ಮೊದಲ ದಿನ ಮಾತೇ ಇರಲಿಲ್ಲ. ಇವತ್ತು ಮಧ್ಯಾಹ್ನ ಊಟಕ್ಕೆ ಕರೆಯುವ ಮೊದಲೇ ಬಂದು ಕೂತರು. ಗೊಜ್ಜಿಗೆ ಉಪ್ಪು ಸಾಲದು ಎಂದೂ ಹೇಳಿದರು. ಅತ್ತೆಯ ಮುಖದಲ್ಲಿ ಗೆದ್ದ ಕಳೆ.

ನಾಳೆ ಬೆಳಿಗ್ಗೆ ತಾಳಗುಪ್ಪ ರೈಲಿಗೆ ಮಗಳು ಬರುತ್ತಾಳೆ. ಬೆಂಗಳೂರಿನಲ್ಲಿ ಒಂದೇ ಸಮನೆ ಮಳೆ, ರಸ್ತೆಗಳಲ್ಲಿ ನೀರು ನಿಂತಿದೆಯಂತೆ. ಇಲ್ಲಿ ಚಿತ್ತೆ ಮಳೆ. ಭತ್ತ ಹೊಡೆ ತುಂಬಿದೆ, ಕೆಲವು ಕಡೆ ತೆನೆ ಇಣುಕಿದೆ. ಗಾಳಿ ಜೋರಾಗದಿದ್ದರೆ ಸಾಕು.

17 ಅಕ್ಟೋಬರ್, ಗುರುವಾರ

ಭೂಮಿ ಹುಣ್ಣಿಮೆ. ಪಂಚಾಂಗದಲ್ಲಿ ಶೀಗಿ ಹುಣ್ಣಿಮೆ.

ರಾತ್ರಿಯಿಡೀ ಅಡುಗೆ. ಗರ್ಭ ಕಟ್ಟಿದ ಭೂಮಿಗೆ ಬಯಕೆಯ ಊಟ ಇದು, ಬಸುರಿ ಮಗಳಿಗೆ ಏನೇನು ಮಾಡುತ್ತೇವೋ ಅದೆಲ್ಲ ಇರಬೇಕು. ಕೊಟ್ಟೆ ಕಡುಬು, ಚೀನಿಕಾಯಿ ಕಡುಬು, ಹೋಳಿಗೆ, ಬುತ್ತಿ, ಪಾಯಸ, ಅಮಟೆಕಾಯಿ, ಹೀರೆ, ಹಾಗಲ. ಹಚ್ಚಂಬಲಿಗೆ ನೂರೊಂದು ಕುಡಿ ಎಂದು ವಾಡಿಕೆ. ನಿನ್ನೆ ಅತ್ತೆ, ಅಕ್ಕ, ಮಗಳು ಬ್ಯಾಣದಲ್ಲಿ ಅಲೆದು ಸೊಪ್ಪು ಕೊಯ್ದು ತಂದರು. ನೂರೊಂದು ಆಯಿತೇ ಎಂದು ಮಗಳು ಕೇಳಿದ್ದಕ್ಕೆ, "ಭೂಮಿತಾಯಿ ನಿಮ್ಮಮ್ಮನ ಹಾಗೆ ಲೆಕ್ಕ ಕೇಳೋದಿಲ್ಲ" ಎಂದರು ಅತ್ತೆ.

ಕತ್ತಲಿರುವಾಗಲೇ ಇವರು ಮತ್ತು ಮೈದುನ ದೊಂದಿ ಹಿಡಿದು, ಜಾಗಟೆ ಬಡಿಯುತ್ತ, ಭೂಮಿತಾಯಿಯನ್ನು ಊಟಕ್ಕೆ ಕೂಗುತ್ತ, ಗದ್ದೆಯಂಚಿನ ಮೇಲೆ ಹಚ್ಚಂಬಲಿ ಬೀರುತ್ತ ಹೋದರು. ನಾನೂ ಮಗಳೂ ಕಣದ ತನಕ ಹೋಗಿ ನಿಂತಿದ್ದೆವು. ನಮ್ಮ ಗದ್ದೆ ಮುಗಿದ ಮೇಲೆ ದೊಂದಿ ತಿರುಗಿ ಬರಬೇಕಿತ್ತು. ಬರಲಿಲ್ಲ. ಅಂಚು ದಾಟಿ ಕೆಳಮನೆಯ ಗದ್ದೆಯ ಸುತ್ತ ಹೋಯಿತು. ನಾಲ್ಕೂ ಮೂಲೆ ಮುಗಿಸಿ ವಾಪಸಾಯಿತು. ಇದು ಅತ್ತೆಯ ಅಪ್ಪಣೆ ಎಂದು ಆಮೇಲೆ ತಿಳಿಯಿತು. "ಹಬ್ಬ ಇಲ್ಲದೇ ಇರೋದು ಅವಳಿಗೆ. ಭತ್ತಕ್ಕೇನಾಗಿದೆ? ಹೊಡೆ ತುಂಬಿ ನಿಂತಿದೆ. ಬಸುರಿ ಬಯಕೆ ವರ್ಷ ಕಾಯ್ತದಾ?"

ಬಿಸಿಲೇರಿದ ಮೇಲೆ ಬುಟ್ಟಿ ಹೊತ್ತು ಎಲ್ಲರೂ ಗದ್ದೆಗೆ ಹೋದೆವು. ಬಾಳೆಕಂಬ ನೆಟ್ಟು, ಮಾವಿನ ತೋರಣ ಕಟ್ಟಿ, ಒಂದು ಭತ್ತದ ಬುಡಕ್ಕೆ ನನ್ನ ಕರಿಮಣಿ ಸರ ಹಾಕಿ ಪೂಜೆ. ಕಾಗೆಗೆ ಎಡೆ, ಇಲಿಗೆ ಎಡೆ. ಇಲಿಗೂ ಬಡಿಸುವುದನ್ನು ಮಗಳು ಮೊಬೈಲಿನಲ್ಲಿ ಚಿತ್ರ ತೆಗೆದಳು. ಅದು ಹೇಗೂ ಭತ್ತ ತಿನ್ನುತ್ತದೆ, ಕರೆದು ಬಡಿಸಿದರೆ ನೆಂಟ, ಕರೆಯದಿದ್ದರೆ ಕಳ್ಳ, ಎಂದು ಮೈದುನನ ವ್ಯಾಖ್ಯಾನ. ಒಂದು ಕಡುಬನ್ನು ಗದ್ದೆಯಲ್ಲೇ ಹೂಳಿದೆವು. ಕೊಯ್ಲಿನ ಹೊತ್ತಿಗೆ ಅದನ್ನು ತೆಗೆಯುವುದು.

ಊಟ ಮುಗಿದು ಅಂಚಿನ ಮೇಲೆ ಕಾಲು ಚಾಚಿದಾಗ ಅತ್ತೆ ತಾವಾಗಿಯೇ ಹಳೆಯದನ್ನು ತೆಗೆದರು. ಅವರ ತೌರು ಕಾಗೋಡಿನ ಕಡೆ. 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದಾಗ ಅವರಿಗೆ ಐದು ವರ್ಷವಿರಬಹುದು. ಗೇಣಿ ಭತ್ತ ಅಳೆಯುವ ಒಡೆಯರ ಕೊಳಗ ದೊಡ್ಡದು ಎಂಬುದರಿಂದ ಎದ್ದ ಜಗಳ. ನಮ್ಮ ದೀವರ ಗೇಣಿದಾರರು ಹೊಲಕ್ಕಿಳಿದು ಜೈಲಿಗೆ ಹೋದರು. ರಾಮಮನೋಹರ ಲೋಹಿಯಾ ಬಂದು ಸಾಗರದಲ್ಲಿ ಬಂಧನಕ್ಕೊಳಗಾದರು. ಅಪ್ಪ ಮನೆಯಲ್ಲಿಲ್ಲದ ಒಂದು ಹುಣ್ಣಿಮೆಯಲ್ಲಿ ಅಜ್ಜಿ ಒಬ್ಬಳೇ ಬುಟ್ಟಿ ಹೊತ್ತು ಹೋದದ್ದು ಅತ್ತೆಗೆ ನೆನಪಿದೆ.

"ಅವತ್ತು ಗದ್ದೆ ನಮ್ಮದಲ್ಲ, ಬೆಳೆಯಲ್ಲಿ ನಮ್ಮ ಪಾಲು ಎಷ್ಟು ಅಂತ ಒಡೆಯರು ಅಳೆದ ಮೇಲೇ ಗೊತ್ತಾಗೋದು. ಆದರೂ ಇಲಿಗೆ ಇಡೋದನ್ನ ಇಟ್ಟೇ ಇಡ್ತಿದ್ದೆವು" ಎಂದರು. ಗೇಣಿ ಪದ್ಧತಿ ರದ್ದಾಗಿ, ಏಳನೇ ನಮೂನೆಯ ಅರ್ಜಿ ಹಾಕಿ, ಭೂನ್ಯಾಯ ಮಂಡಳಿಯ ಮುಂದೆ ನಿಂತು, ಈ ಗದ್ದೆ ಮಾವನ ಹೆಸರಿಗಾದದ್ದು 1974ರ ಕಾಯ್ದೆಯ ನಂತರ. ಮಗಳು ಕೇಳಿದಳು: "ನಿಮ್ಮದಲ್ಲದ ಗದ್ದೆಗೆ ಯಾಕೆ ಅಜ್ಜಿ ಇಷ್ಟು ಸಡಗರ?" ಅತ್ತೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಬಸುರಿ ಯಾರ ಮನೆಯವಳು ಅಂತ ಕೇಳಿ ಊಟ ಹಾಕ್ತಾರಾ?"

20 ಅಕ್ಟೋಬರ್, ಭಾನುವಾರ

ಹುಣ್ಣಿಮೆಯ ಮಾರನೇ ದಿನ ಅಕ್ಕ ತಮ್ಮ ಗದ್ದೆಗೆ ಹೋಗಿ ಭತ್ತದ ಗರಿಯ ಮೇಲೆ ಒಣಗಿದ ಸೊಪ್ಪು, ಅಂಬಲಿ ನೋಡಿದ್ದಾರೆ. ಬಂದು ಏನೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಇವತ್ತು ನಮ್ಮ ಬೋಗುಣಿ ಹಿಂದಕ್ಕೆ ಬಂತು, ತುಂಬ ಅಮಟೆಕಾಯಿ. ಪಾತ್ರೆಯನ್ನು ಬರಿದು ಮಾಡಿ ಕೊಡಬಾರದು ಎಂಬ ಪದ್ಧತಿ ಎಲ್ಲ ಮನೆಯಲ್ಲೂ ಇದೆ. ಆದರೆ ಚೌತಿಯಿಂದ ಈಚೆಗೆ ಆ ಮನೆಯಿಂದ ನಮ್ಮ ಪಾತ್ರೆಗಳು ತೊಳೆದು, ಒರೆಸಿ, ತಳಕ್ಕೆ ನಾಲ್ಕು ಕಾಳು ಸಕ್ಕರೆ ಹಾಕಿ ಬರುತ್ತಿದ್ದವು, ಶಾಸ್ತ್ರಕ್ಕೆ.

ಮೂವತ್ತು ವರ್ಷ ಈ ಮನೆಯಲ್ಲಿದ್ದು ಅತ್ತೆಯದನ್ನು ನಾನು ಬರೀ ಜಾಣತನ ಎಂದುಕೊಂಡಿದ್ದೆ. ಅಷ್ಟೇ ಅಲ್ಲ ಎಂದು ಈಗ ಅರ್ಥವಾಗುತ್ತಿದೆ. ಕೊಡುವವರಿಗೆ ಬೇಕಾದಾಗ ಕೊಟ್ಟರೆ ತೆಗೆದುಕೊಳ್ಳುವವರು ತಲೆ ತಗ್ಗಿಸಬೇಕಾಗುತ್ತದೆ. ಹಬ್ಬವೇ ಕೊಡಿಸಿದರೆ ಯಾರೂ ಯಾರಿಗೂ ಋಣಿಯಲ್ಲ. ಕಾಗೆಯ ಎಡೆ, ಇಲಿಯ ಎಡೆ, ಅಂಚು ದಾಟಿದ ಹಚ್ಚಂಬಲಿ, ಎಲ್ಲಕ್ಕೂ ಕ್ರಮ ಅಂತ ಒಂದಿದೆ. ಕರುಣೆ ಹುಟ್ಟಲಿ ಎಂದು ಕಾಯುವ ಗೋಜಿಲ್ಲ. ಹುಟ್ಟದ ದಿನವೂ ಕೈ ತಾನಾಗಿ ಇಡುತ್ತದೆ. ಮಗಳು ಹೊರಡುವಾಗ ಹೇಳಿದಳು, ಅವಳ ಅಪಾರ್ಟ್‌ಮೆಂಟಿನ ಕಾವಲುಗಾರನಿಗೆ ದೀಪಾವಳಿಗೆ ದುಡ್ಡು ಕೊಡುತ್ತಾರಂತೆ. ಈ ಸಲ ಊಟಕ್ಕೆ ಕರೆಯುತ್ತೇನೆ ಎಂದಳು. ಮಾಡಿ ತೋರಿಸಲಿ, ನೋಡೋಣ.

31 ಅಕ್ಟೋಬರ್, ಗುರುವಾರ

ಬೂರೆ ಹಬ್ಬ. ನಸುಕಿನಲ್ಲಿ ಬಾವಿಯಿಂದ ನೀರು ತುಂಬಿದೆವು, ಎಣ್ಣೆಸ್ನಾನ ಆಯಿತು. ಸ್ವಾತಿ ಮಳೆ ಬಿಟ್ಟುಬಿಟ್ಟು ಬರುತ್ತಿದೆ. ಬರೆಯುವಂಥದ್ದು ಬೇರೇನಿಲ್ಲ.

2 ನವೆಂಬರ್, ಶನಿವಾರ

ಬಲಿಪಾಡ್ಯಮಿ. ಬೆಳಿಗ್ಗೆ ಗೋಪೂಜೆ. ಅಡಿಕೆ, ಸಿಂಗಾರ, ಪಚ್ಚೆತೆನೆ, ಚೆಂಡುಹೂವಿನ ಸರ ಕಟ್ಟಿ ದನ ಬಿಟ್ಟೆವು. ಸರ ಹರಿಯಲು ಓಡಿದ ಹುಡುಗರಲ್ಲಿ ಒಬ್ಬ ಕೆಸರಿಗೆ ಬಿದ್ದ.

ರಾತ್ರಿ ಅಂಟಿಕೆ ಪಂಟಿಕೆಯವರು ಬಂದರು. ದೇವರ ಮುಂದೆ ಹಚ್ಚಿಕೊಂಡು ಹೊರಟ ದೀಪ. ಮನೆಯಿಂದ ಮನೆಗೆ, ಊರಿಂದ ಊರಿಗೆ, ಗಾಳಿ ಮಳೆಯಲ್ಲಿ ಆರದಂತೆ ಒಯ್ಯಬೇಕು. ಬಾಗಿಲಲ್ಲಿ ನಿಂತು ಹಾಡುತ್ತಾರೆ, ನಾವು ಆ ದೀಪದಿಂದ ನಮ್ಮ ದೀಪ ಹಚ್ಚಿಕೊಂಡು, ಅದಕ್ಕೆ ಎಣ್ಣೆ ಎರೆದು, ಅಕ್ಕಿ, ಕಾಯಿ, ಕಾಣಿಕೆ ಕೊಡುತ್ತೇವೆ. ಎರಡು ಹೊಲ ದಾಟುವಷ್ಟು ಎಣ್ಣೆ ಒಂದೊಂದು ಮನೆಯದು. ಮುಂದಿನ ಮನೆಗೆ ಬೆಳಕು ಹೋಗುವುದು ಹಿಂದಿನ ಮನೆಯ ಎಣ್ಣೆಯಲ್ಲಿ.

ಈ ವರ್ಷ ಕೆಳಮನೆಗೆ ಹೋಗುವುದೋ ಬೇಡವೋ ಎಂದು ಅವರು ಅತ್ತೆಯನ್ನೇ ಕೇಳಿದರು. "ನನ್ನನ್ಯಾಕೆ ಕೇಳ್ತೀರಿ? ಅವಳನ್ನು ಕೇಳಿ" ಎಂದರು ಅತ್ತೆ. ತಂಡದಲ್ಲೊಬ್ಬ ಹೋಗಿ ಕೇಳಿ ಬಂದ. ಹಾಡು ಬೇಡ, ದೀಪಕ್ಕೆ ಎಣ್ಣೆ ಹಾಕುತ್ತೇನೆ ಎಂದಿದ್ದಾರೆ ಅಕ್ಕ. ತಂಡದವರು ಜಾಗಟೆ ನಿಲ್ಲಿಸಿ ಅಂಗಳಕ್ಕಿಳಿದರು. ನಾನು ಕಿಟಕಿಯಿಂದ ಕಂಡದ್ದು ಇಷ್ಟೇ: ಅಕ್ಕ ಸೌಟಿನಲ್ಲಿ ಅಲ್ಲ, ಬಾಟಲಿಯಿಂದಲೇ ಸುರಿಯುತ್ತಿದ್ದರು.

5 ನವೆಂಬರ್, ಮಂಗಳವಾರ

ಕೊಯ್ಲಿನ ಮಾತುಕತೆ. ಕೆಳಮನೆಯದು ಬೇಗ ಬರುವ ತಳಿ, ಹದಿನೈದು ದಿನದಲ್ಲಿ ಕೊಯ್ಯಬೇಕು. ನಮ್ಮದು ಇನ್ನೂ ಹಸಿರು. ಕೊಯ್ಯುವ ಯಂತ್ರ ಅವರ ಗದ್ದೆಗೆ ಇಳಿಯಬೇಕಾದರೆ ನಮ್ಮ ಗದ್ದೆಯ ಮೇಲೇ ಹಾಯಬೇಕು. ಕೈಯಲ್ಲಿ ಕೊಯ್ಯಲು ಆಳಿಲ್ಲ. ಇವರು ಎರಡು ದಿನ ತಲೆ ಕೆರೆದುಕೊಂಡರು. ಅಂಚಿನ ಪಕ್ಕ ಯಂತ್ರ ಹಿಡಿಯುವಷ್ಟು ಅಗಲಕ್ಕೆ ನಮ್ಮ ಭತ್ತವನ್ನು ಹಸಿಯಾಗಿಯೇ ಕೊಯ್ದು ದಾರಿ ಬಿಡುವುದು ಎಂದು ತೀರ್ಮಾನವಾಯಿತು. ಕೊಯ್ದದ್ದು ದನಕ್ಕೆ ಮೇವು. ಒಂದೂವರೆ ಚೀಲ ಭತ್ತ ಹೋದೀತು.

ಸಂಜೆ ಅಕ್ಕನಿಗೆ ಹೇಳಿದೆವು. ಅವರು ಬೇಡ ಎನ್ನುತ್ತಾರೆಂದು ನಾನು ಕಾಯುತ್ತಿದ್ದೆ. ಅನ್ನಲಿಲ್ಲ. "ಸರಿ, ಹಂಗಾದ್ರೆ ನಿಮ್ಮ ಗದ್ದೆ ಕೊಯ್ಯುವಾಗ ನನ್ನದು ಮುಯ್ಯಾಳು. ಮೂಲೆಗೆ ಯಂತ್ರ ಹೋಗಲ್ಲ, ಅದು ನನ್ನ ಪಾಲಿಗೆ ಬಿಡಿ" ಎಂದರು.

ಅತ್ತೆ ಒಳಗಿನಿಂದಲೇ ಕೂಗಿದರು: "ಕತ್ತಿ ಮಸೆಸಿಟ್ಕೋ. ಹೋದ ವರ್ಷ ನಿಂದು ಮೊಂಡಾಗಿತ್ತು."